ಮನೆ ಮಾರುವ ಮುನ್ನ ಅಕ್ಕತಂಗಿಯರನ್ನು ಕೇಳಿ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ದೂರವಾಣಿ ಮಾಡಿದ್ದನು. "ಸಾರ್, ಬಳ್ಳಾರಿಯೊಳಗ ಒಂದು ಮನಿ ನೋಡೀನಿ. ಸಿರುಗುಪ್ಪದಾಗಿನ ಅಪ್ಪನ ಮನಿ ಮಾರಿ ಇದನ್ನ ತಗೋಬೇಕಂತೀನಿ. ನೀವೇನಂತೀರಿ?" ಎಂದು ಕೇಳಿದನು. ಬೆಲೆ ಎಷ್ಟು, ವಾಸ್ತು ಹೇಗಿದೆ ಎಂದು ನಾನು ವಿಚಾರಿಸುವೆನೆಂದು ಅವನು ನಿರೀಕ್ಷಿಸಿದ್ದನೇನೋ. ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಅಕ್ಕನನ್ನು ಕೇಳಿದೆಯೇನಪ್ಪಾ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಕಿದೇನೈತಿ ಸಾರ್, ಮದಿವಿ ಮಾಡಿ ಕೊಟ್ಟೀವಲ್ಲ" ಎಂದನು.

ಇದೇ ಮಾತನ್ನು ಒಂದು ಕಾಲದಲ್ಲಿ ನಾನೂ ಆಡಿದ್ದೆ. ಆದ್ದರಿಂದ ಅವನಿಗೆ ಹೇಳಿದ್ದನ್ನು ಉಳಿದ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಮನೆ ಕಟ್ಟುವುದರ ಕಷ್ಟವನ್ನು ಹೇಳುವ ಗಾದೆ ನಮ್ಮಲ್ಲಿದೆ. ಮನೆ ಮಾರುವುದರ ಕಷ್ಟವನ್ನು ಹೇಳುವ ಗಾದೆಯನ್ನು ನಾನು ಕೇಳಿಲ್ಲ. ಬಹುಶಃ ನಮ್ಮ ಹಿರಿಯರು ಮನೆ ಮಾರುವುದನ್ನು ಊಹಿಸಿಯೇ ಇರಲಿಲ್ಲ.

ಸಿರುಗುಪ್ಪದಲ್ಲಿ ನಮ್ಮ ತಂದೆಯವರದೊಂದು ಮಾಳಿಗೆ ಮನೆಯಿತ್ತು. ಮಣ್ಣಿನ ಮೇಲ್ಛಾವಣಿ, ನಡುಮನೆಗೆ ಬೆಳಕು ಬೀಳಲು ಒಂದು ಗವಾಕ್ಷಿ. 2010ರ ಹೊತ್ತಿಗೆ ತಂದೆತಾಯಿಯರಿಬ್ಬರೂ ತೀರಿಕೊಂಡಿದ್ದರು. ತಂದೆಯವರು ಉಯಿಲು ಬರೆದಿರಲಿಲ್ಲ. ನಾನೊಬ್ಬನೇ ಗಂಡುಮಗ. ಅಕ್ಕನನ್ನು ಕುರುಗೋಡಿಗೂ ತಂಗಿಯನ್ನು ಆದೋನಿಗೂ ಕೊಟ್ಟಿತ್ತು. 2012ರಲ್ಲಿ ಬಳ್ಳಾರಿಯಲ್ಲಿ ಮನೆ ಕೊಳ್ಳುವ ಉದ್ದೇಶದಿಂದ ಆ ಮನೆಯನ್ನು ಮಾರಲು ನಾನೇ ಬೆಲೆ ಮಾತಾಡಿ, ಮುಂಗಡವನ್ನೂ ಪಡೆದುಬಿಟ್ಟೆ. ಕೊಳ್ಳುವವರು ಬ್ಯಾಂಕಿನ ಸಾಲ ಪಡೆಯುತ್ತಿದ್ದರು. ಬ್ಯಾಂಕಿನ ವಕೀಲರು ವಂಶವೃಕ್ಷವನ್ನು ತರಿಸಿ ನೋಡಿ, ಹೆಣ್ಣುಮಕ್ಕಳಿಬ್ಬರ ಸಹಿಯಿಲ್ಲದೆ ಆಗದು ಎಂದರು. ನನಗೆ ಅವಮಾನವಾದಂತಾಯಿತು. ಮೂವತ್ತು ವರ್ಷ ಮಕ್ಕಳಿಗೆ ಪೌರನೀತಿಯಲ್ಲಿ ಸಮಾನತೆಯ ಹಕ್ಕನ್ನು ಬೋಧಿಸಿದವನಿಗೆ ಆ ಹಕ್ಕು ತನ್ನ ಮನೆಯ ಹೊಸ್ತಿಲು ದಾಟಿ ಬಂದಾಗ ಗುರುತು ಸಿಗಲಿಲ್ಲ.

ಅಕ್ಕ ಬಂದು ನೇರವಾಗಿ ತನ್ನ ಪಾಲನ್ನು ಕೇಳಿದಳು. ಕೊಟ್ಟೆ, ಆದರೆ ಮನಸ್ಸಿನಲ್ಲಿ ಮುನಿಸಿಕೊಂಡು ಕೊಟ್ಟೆ. ತಂಗಿ ಏನನ್ನೂ ಕೇಳದೆ ಕ್ರಯಪತ್ರಕ್ಕೆ ಸಹಿ ಮಾಡಿದಳು. ಉಪನೋಂದಣಾಧಿಕಾರಿಗಳ ಕಚೇರಿಯ ಮೆಟ್ಟಿಲು ಇಳಿಯುವಾಗ ಮಾತ್ರ, "ನೀನು ಕೇಳಿದ್ರ ಅವತ್ತೇ ಬರ್ತಿದ್ದೆ ಅಣ್ಣಾ. ವಕೀಲ್ರು ಕೇಳಿದ ಮ್ಯಾಲ ನನ್ನ ನೆನಪಾತಲ್ಲ" ಎಂದಳು. ಪಾಲು ಪಡೆದ ಅಕ್ಕ ಮೊದಲಿನಂತೆಯೇ ಹಬ್ಬಕ್ಕೆ, ಮದುವೆಗೆ ಬಂದು ಹೋಗುತ್ತಿದ್ದಳು. ಬಿಟ್ಟುಕೊಟ್ಟ ತಂಗಿಯ ಬರವು ಮಾತ್ರ ಕಡಿಮೆಯಾಗುತ್ತ ಬಂದಿತು. ಹಣ ಕೊಟ್ಟರೆ ಸಂಬಂಧ ಕೆಡುತ್ತದೆಂದು ನಾವು ಹೆದರುತ್ತೇವೆ. ನನ್ನ ಅನುಭವ ಅದಕ್ಕೆ ವಿರುದ್ಧವಾಗಿದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹಿಂದೂ ಕುಟುಂಬಗಳಲ್ಲಿ ತಂದೆಯು ಉಯಿಲಿಲ್ಲದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು ಎಂಬುದು 1956ರ ಉತ್ತರಾಧಿಕಾರ ಕಾಯ್ದೆಯಲ್ಲಿಯೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕನ್ನು ಕರ್ನಾಟಕವು 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ, 2005ರ ಕೇಂದ್ರ ತಿದ್ದುಪಡಿಯು ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ಉತ್ತರಾಧಿಕಾರದ ನಿಯಮಗಳಿವೆ. ಅಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲಿದೆ. ಆದ್ದರಿಂದ ಮಾರುವವರು ಮೊದಲು ವಾರಸುದಾರರೆಲ್ಲರನ್ನು ಒಂದೆಡೆ ಕೂರಿಸಿ ಮಾತಾಡಬೇಕು. ಅವರು ಕ್ರಯಪತ್ರದಲ್ಲಿ ಮಾರಾಟಗಾರರಾಗಿ ಸೇರಲಿ, ಇಲ್ಲವೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಬರೆದುಕೊಡಲಿ. ಬಾಯಿಮಾತಿನ ಒಪ್ಪಿಗೆ ಸಾಲದು. ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿದ ಮೇಲೆಯೇ ಗಿರಾಕಿಯನ್ನು ಹುಡುಕಬೇಕು.

ಇನ್ನು ಕೊಳ್ಳುವವರಿಗೆ ಕೆಲವು ಮಾತು. ಋಣಭಾರ ಪತ್ರವನ್ನು ಈಗ ಮನೆಯಲ್ಲಿಯೇ ಕುಳಿತು ಕಾವೇರಿ ತಂತ್ರಾಂಶದಲ್ಲಿ ಪಡೆಯಬಹುದು. ಅದು ಬೇಕೇ ಬೇಕು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಕೇಳದೆ ಬಿಟ್ಟ ಅಕ್ಕತಂಗಿಯರು ಅದರಲ್ಲಿ ಕಾಣುವುದಿಲ್ಲ. ಅದಕ್ಕಾಗಿ ವಂಶವೃಕ್ಷವನ್ನು ಕೇಳಿ ನೋಡಿರಿ. ಬೀದಿಯ ಹಿರಿಯರೊಬ್ಬರನ್ನೂ ವಿಚಾರಿಸಿರಿ. ಖಾತೆಯೇ ಒಡೆತನದ ಪತ್ರವೆಂದು ಹಲವರು ತಿಳಿದಿದ್ದಾರೆ. ಖಾತೆಯು ತೆರಿಗೆ ಕಟ್ಟುವವರು ಯಾರೆಂಬುದರ ದಾಖಲೆ. ಒಡೆತನ ಬರುವುದು ನೋಂದಾಯಿತ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವಾರಸಾ ಹಕ್ಕು ಮುಂತಾದವುಗಳಿಂದ. ಆದರೂ ನಗರ, ಪಟ್ಟಣಗಳ ಆಸ್ತಿಯ ನೋಂದಣಿಗೆ ಈಗ ಇ-ಖಾತಾ ಕಡ್ಡಾಯವಾಗಿರುವುದರಿಂದ ಅದನ್ನು ಮೊದಲೇ ನೋಡಿಕೊಳ್ಳಬೇಕು. ಜಿ.ಪಿ.ಎ. ಬರೆಸಿಕೊಂಡು ಮನೆ ಕೊಂಡೆವೆನ್ನುವವರು, ಅದರಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಹೇಳಿರುವುದನ್ನು ಮರೆಯಬಾರದು.

ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಡಕಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯು ಮದ್ರಾಸು ರಾಜ್ಯದಲ್ಲಿತ್ತು. ನಮ್ಮ ಮನೆಯ ಮೂಲಪತ್ರವು ತೆಲುಗಿನಲ್ಲಿತ್ತು. ಅಂತಹ ಪತ್ರ ದೊರೆತರೆ ಓದಬಲ್ಲವರಿಂದ ಓದಿಸಿ, ಚೆಕ್ಕುಬಂದಿಯನ್ನು ಈಗಿನ ಅಳತೆಯೊಡನೆ ತಾಳೆ ನೋಡಬೇಕು. ಅಂದಿನ ನೆರೆಮನೆಯವರ ಹೆಸರುಗಳು ಇಂದು ಯಾರಿಗೂ ನೆನಪಿರುವುದಿಲ್ಲ.

ಊರ ಹೊರಗೆ, ಕುರುಗೋಡಿನ ದಾರಿಯಲ್ಲಾಗಲಿ ಸಿರುಗುಪ್ಪದ ದಾರಿಯಲ್ಲಾಗಲಿ, ಹೊಲದಲ್ಲಿ ಕಲ್ಲು ನೆಟ್ಟು ನಿವೇಶನವೆಂದು ತೋರಿಸಿದರೆ ಪಹಣಿಯನ್ನು ನೋಡಿರಿ. ಭೂಪರಿವರ್ತನೆಯ ಆದೇಶ, ಅನುಮೋದಿತ ವಿನ್ಯಾಸ, ಪಂಚಾಯಿತಿ ವ್ಯಾಪ್ತಿಯಾದರೆ ನಮೂನೆ 9 ಮತ್ತು 11 ಇವೆಲ್ಲ ಇರಬೇಕು. ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಬಡವರ ಭೂಮಿ ಅಗ್ಗಕ್ಕೆ ಕೈಬಿಟ್ಟು ಹೋಗಬಾರದೆಂದು ಮಾಡಿದ ಕಾಯ್ದೆಯದು. ಅದನ್ನು ನುಸುಳಿ ಕೊಂಡ ಮನೆಯಲ್ಲಿ ನೆಮ್ಮದಿ ಇರದು.

ಪತ್ರಗಳ ನಂತರ ನೆಲವನ್ನು ಓದಬೇಕು. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಸ್ವಭಾವದ್ದು. ಹೊಸದಾಗಿ ಸುಣ್ಣಬಣ್ಣ ಕಂಡ ಮನೆಯಾದರೆ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕುಗಳನ್ನು ಹುಡುಕಿರಿ. ಅವು ತಳಪಾಯದ ದೋಷವನ್ನು ಹೇಳುತ್ತಿರಬಹುದು. ತುಂಗಭದ್ರೆಯ ಅಥವಾ ಹಗರಿಯ ಸಮೀಪದ ಮನೆಯಾದರೆ 2009ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದವರನ್ನು ಕೇಳಿರಿ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ನದಿಪಾತ್ರದ ಜನರು ಪಟ್ಟ ಆತಂಕ ನೆನಪಿರಲಿ. ಬಳ್ಳಾರಿಯ ಮನೆಯನ್ನು ಮಾತ್ರ ಒಮ್ಮೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಗಿ ನೋಡಬೇಕು. ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂಬ ಪ್ರಶ್ನೆಗೆ ಮಾಲೀಕರಿಗಿಂತ ಎದುರುಮನೆಯ ತಾಯಂದಿರು ಸರಿಯಾದ ಉತ್ತರ ಕೊಡುತ್ತಾರೆ. ವಾಸ್ತುವನ್ನು ನಂಬುವವರೊಡನೆ ನನಗೆ ಜಗಳವಿಲ್ಲ. ಆದರೆ ಈಶಾನ್ಯವನ್ನು ನೋಡಿದಷ್ಟೇ ಶ್ರದ್ಧೆಯಿಂದ ತಳಪಾಯವನ್ನೂ ನೋಡಲಿ.

ಬೆಲೆಯ ಮಾತು ಕೊನೆಗೆ. ಗಣಿಯ ಹಣ ಹರಿಯುತ್ತಿದ್ದ ಕಾಲದಲ್ಲಿ ಬಳ್ಳಾರಿಯ ನಿವೇಶನಗಳ ಬೆಲೆ ವಾರಕ್ಕೊಂದು ಮಾತಾಗಿತ್ತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ, ಸಾಲ ಮಾಡಿ ನಿವೇಶನ ಕೊಂಡಿದ್ದ ನನ್ನ ಪರಿಚಿತರು ಗಿರಾಕಿಗಳಿಲ್ಲದೆ ಒದ್ದಾಡಿದ್ದನ್ನು ಕಂಡಿದ್ದೇನೆ. ವಾಸಕ್ಕೆ ಕೊಳ್ಳುವವನು ತನ್ನ ಸಂಬಳ ತಾಳುವಷ್ಟಕ್ಕೆ ಕೊಳ್ಳಲಿ. ಮುಂದಿನ ಏರಿಕೆಯನ್ನು ನಂಬಿ ಕೊಳ್ಳುವುದು ಬೇಡ. ಹಣವನ್ನೆಲ್ಲ ಬ್ಯಾಂಕಿನ ಮೂಲಕವೇ ಕೊಡಿರಿ. 2015ರ ಜೂನ್‌ನಿಂದ ಆಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಹಣವನ್ನು ನಗದಾಗಿ ಪಡೆದವರಿಗೆ ಅಷ್ಟೇ ಮೊತ್ತದ ದಂಡವಿದೆ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದರೆ ಶೇಕಡಾ 1ರಷ್ಟನ್ನು ಹಿಡಿದು ಆದಾಯ ತೆರಿಗೆಗೆ ಕಟ್ಟುವ ಹೊಣೆ ಕೊಳ್ಳುವವರದು. ಪತ್ರದಲ್ಲಿ ಬೆಲೆ ಕಡಿಮೆ ತೋರಿಸೋಣವೆಂಬ ಸಲಹೆ ಯಾರಿಂದ ಬಂದರೂ ಒಪ್ಪಬೇಡಿರಿ. ಹೊಸ ಮನೆಯ ಮೊದಲ ಕಂಬವನ್ನೇ ಸುಳ್ಳಿನ ಮೇಲೆ ನಿಲ್ಲಿಸಿದಂತಾಗುತ್ತದೆ.

ನಮ್ಮವರು ಸಾಮಾನ್ಯವಾಗಿ ಮೊದಲು ಬೆಲೆ, ಆಮೇಲೆ ವಾಸ್ತು, ಆಮೇಲೆ ಪತ್ರ, ಎಲ್ಲಕ್ಕಿಂತ ಕೊನೆಗೆ ಹೆಣ್ಣುಮಕ್ಕಳು ಎಂಬ ಕ್ರಮದಲ್ಲಿ ನಡೆಯುತ್ತಾರೆ. ಈ ಕ್ರಮ ತಲೆಕೆಳಗಾಗಬೇಕೆಂಬುದೇ ನನ್ನ ಅಭಿಪ್ರಾಯ.

2019ರಲ್ಲಿ ನಿವೃತ್ತನಾದಾಗ ಬಂದ ಹಣದಲ್ಲಿ ತಂಗಿಯ ಪಾಲನ್ನು ಲೆಕ್ಕ ಹಾಕಿ, ಚೆಕ್ಕು ಬರೆದು ಆದೋನಿಗೆ ಹೋದೆ. ಏಳು ವರ್ಷ ತಡವಾಗಿತ್ತು. ಆಕೆ ಚೆಕ್ಕನ್ನು ನೋಡದೆ ದೇವರ ಮುಂದೆ ಇಟ್ಟು, "ಊಟ ಮಾಡೇ ಹೋಗಬೇಕು ನೋಡಣ್ಣಾ" ಎಂದಳು. ಆ ಸಂಕ್ರಾಂತಿಗೆ ಮಕ್ಕಳೊಡನೆ ನಮ್ಮ ಮನೆಗೆ ಬಂದಳು.

ನನ್ನ ವಿದ್ಯಾರ್ಥಿಗೆ ಅಕ್ಕನ ಮನೆಗೆ ಹೋಗಿ ಬಾ ಎಂದಿದ್ದೇನೆ. ಹೋಗುತ್ತೇನೆಂದಿದ್ದಾನೆ. ಕೊಳ್ಳುವವರಿಗೂ ಮಾರುವವರಿಗೂ ಶುಭವಾಗಲಿ.