ಶವಸಂಸ್ಕಾರದ ಲೆಕ್ಕವನ್ನು ಕೇಳಬಾರದೆ?

“ಮನೆಯಲ್ಲಿ ಹೆಣವಿರುವಾಗ ಹಣದ ಮಾತನ್ನೆತ್ತುವುದು ಅಮಂಗಳವು” ಎಂಬ ಮಾತು ನಮ್ಮ ಸುಶಿಕ್ಷಿತ ಕುಟುಂಬಗಳಲ್ಲಿ ಧರ್ಮವಾಕ್ಯದಂತೆ ನಡೆದುಬರುತ್ತಿದೆ. ಇದರಿಂದ ಮೃತನಿಗೆ ಸದ್ಗತಿಯೂ ಇಲ್ಲ, ಉಳಿದವರಿಗೆ ಸಮಾಧಾನವೂ ಇಲ್ಲ. ಏನನ್ನೂ ಕೇಳದವನಿಂದ ತಾನು ಕೇಳಿದಷ್ಟನ್ನು ಪಡೆಯುವವನಿಗೆ ಮಾತ್ರ ಲಾಭವಿದೆ. ಆದಕಾರಣ ಈ ಮಾತನ್ನು ಖಂಡಿಸುವುದು ಅವಶ್ಯವೆಂದು ತಿಳಿದು ಈ ನಾಲ್ಕು ಪಂಕ್ತಿಗಳನ್ನು ವಾಚಕ ಮಹಾಶಯರ ಮುಂದಿಡುತ್ತೇನೆ.

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕುದ್ರೋಳಿ, ಬೋಳೂರು, ಅಳಕೆಗಳ ಹಿತ್ತಿಲುಗಳಲ್ಲಿ ಒಂದು ಮರಣವಾಯಿತೆಂದರೆ ನೆರೆಕರೆಯವರು ಕರೆಯದೆಯೇ ಬರುತ್ತಿದ್ದರು. ಬಿದಿರು ಕಡಿದು ಚಟ್ಟ ಕಟ್ಟುವವನೊಬ್ಬ, ಮಾವಿನ ಮರವನ್ನುರುಳಿಸಿ ಸೌದೆ ಸೀಳುವವರು ನಾಲ್ವರು, ನೆಂಟರಿಗೆ ಸುದ್ದಿ ಮುಟ್ಟಿಸುವವನೊಬ್ಬ. ಅಲ್ಲಿ ಕೂಲಿಯ ಮಾತಿಲ್ಲ. ಇಂದು ಅವನ ಮನೆಗೆ, ನಾಳೆ ನಮ್ಮ ಮನೆಗೆ ಎಂಬ ಋಣವೊಂದೇ ಲೆಕ್ಕ. ಈಗ ಹಿತ್ತಿಲುಗಳು ಹೋಗಿ ಬಹುಮಹಡಿಯ ವಸತಿಗಳೆದ್ದಿವೆ. ಮಗನು ದುಬಾಯಿಯಲ್ಲಿ, ಮಗಳು ಬೆಂಗಳೂರಿನಲ್ಲಿ. ಅವರು ಬಂದು ಮುಟ್ಟುವತನಕ ಫ್ರೀಜರ್ ಪೆಟ್ಟಿಗೆ, ಅನಂತರ ಆಂಬುಲೆನ್ಸು, ಹೂವು, ಕ್ರಿಯಾಸಾಮಗ್ರಿ, ಸೌದೆ, ಕಡೆಗೆ ಬೊಜ್ಜದ ಊಟಕ್ಕೆ ಸಭಾಭವನ. ಒಂದೊಂದೂ ಕ್ರಯಕ್ಕೆ ದೊರೆಯುವ ವಸ್ತುವಾಗಿದೆ. ಇದಕ್ಕಾಗಿ ನಾನು ಕಾಲವನ್ನು ಹಳಿಯುವವನಲ್ಲ. ದುಡಿದವನಿಗೆ ಸಂಬಳ ಸಲ್ಲುವುದು ನ್ಯಾಯವೇ. ಆದರೆ ಕ್ರಯವುಳ್ಳ ವಸ್ತುವಿನ ಕ್ರಯವನ್ನು ಮುಂದಾಗಿ ಹೇಳಬೇಕು, ಬರೆದು ಹೇಳಬೇಕು. ಸೀರೆಯಂಗಡಿಯಲ್ಲಿ ಹತ್ತು ಸೀರೆಗಳನ್ನು ಮಗುಚಿ ನೋಡಿ ಚೌಕಾಶಿ ಮಾಡುವ ನಾವು, ದುಃಖದಿಂದ ಬುದ್ಧಿ ಮಂಕಾಗಿರುವ ಆ ಒಂದು ದಿನ ಮಾತ್ರ ಕಣ್ಣುಮುಚ್ಚಿ ಹಣವೆಣಿಸುತ್ತೇವೆ.

ಮೊದಲು ಕಾನೂನು ಕೇಳುವುದೆಷ್ಟೆಂಬುದನ್ನು ನೋಡೋಣ. ೧೯೬೯ರ ಜನನ ಮರಣಗಳ ನೋಂದಣಿ ಕಾಯಿದೆಯಂತೆ ಮರಣವನ್ನು ೨೧ ದಿನಗಳೊಳಗೆ ನೋಂದಾಯಿಸತಕ್ಕದ್ದು. ಆಸ್ಪತ್ರೆಯಲ್ಲಿ ಮರಣವಾದರೆ ತಿಳಿಸುವ ಹೊಣೆ ಆಸ್ಪತ್ರೆಯದು. ಮನೆಯಲ್ಲಾದರೆ ಯಜಮಾನನದು, ಅವನಿಲ್ಲದಿದ್ದರೆ ಸಮೀಪಬಂಧುವಿನದು. ಮರಣಕಾರಣದ ಪತ್ರವನ್ನು ಆಸ್ಪತ್ರೆಯಾಗಲಿ, ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ಮಾಡಿದ ವೈದ್ಯನಾಗಲಿ ಶುಲ್ಕವಿಲ್ಲದೆ ಕೊಡಬೇಕೆಂದು ಅದೇ ಕಾಯಿದೆಯ ೧೦ನೆಯ ಕಲಮು ವಿಧಿಸಿದೆ. ೨೦೨೩ರ ತಿದ್ದುಪಡಿಯಿಂದ ಈ ವಿಧಿಯು ಇನ್ನಷ್ಟು ಬಿಗಿಯಾಗಿದೆ. ಆ ಪತ್ರವನ್ನೂ ಮೃತರ ಗುರುತಿನ ಚೀಟಿಯನ್ನೂ ಸ್ಮಶಾನದಲ್ಲಿ ತೋರಿಸಿ ಹೆಸರನ್ನು ಬರೆಯಿಸಿದರೆ ಆಯಿತು. ೨೧ ದಿನಗಳನ್ನು ಮೀರಿದರೆ ವಿಳಂಬಶುಲ್ಕ. ವರ್ಷವೇ ಕಳೆದರೆ ದಂಡಾಧಿಕಾರಿಯ ಆಜ್ಞೆ ಬೇಕು. ಆದುದರಿಂದ ಹದಿಮೂರನೆಯ ದಿನದ ಕರೆಯೋಲೆಯನ್ನು ಅಚ್ಚುಹಾಕಿಸುವ ಮೊದಲೇ ಈ ಕೆಲಸವನ್ನು ಮುಗಿಸುವವನು ಜಾಣನು.

ಅಪಘಾತ, ಆತ್ಮಹತ್ಯೆ, ಸಂಶಯಾಸ್ಪದ ಮರಣಗಳ ಮಾತು ಬೇರೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೆಯ ಕಲಮಿನಂತೆ ಪೊಲೀಸರು ಶವದ ಮಹಜರು ಮಾಡಿ, ಬೇಕಾದಲ್ಲಿ ಶವಪರೀಕ್ಷೆಗೆ ಕಳುಹಿಸುತ್ತಾರೆ. ಇದಕ್ಕೆ ಬಂಧುಗಳು ಹಣ ತೆರಬೇಕಾಗಿಲ್ಲ. ಹೊರದೇಶದಿಂದ ಬಜಪೆಗೆ ಬಂದಿಳಿಯುವ ಶವಕ್ಕೆ ಅಲ್ಲಿಯ ಮರಣಪತ್ರ, ಶವವನ್ನು ಕೆಡದಂತೆ ಸಂಸ್ಕರಿಸಿದುದರ ಪತ್ರ, ನಮ್ಮ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದುಪಡಿಸಿದ ಪಾಸ್‌ಪೋರ್ಟು ಇವು ಬೇಕು. ಕೈಯಲ್ಲಿಲ್ಲದವರಿಗೆ ನೆರವಾಗಲೆಂದು ೨೦೦೯ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯು ರಾಯಭಾರ ಕಚೇರಿಗಳಲ್ಲಿದೆ. ಕೊಲ್ಲಿಯ ದೇಶಗಳಲ್ಲಿ ಮಕ್ಕಳನ್ನಿಟ್ಟುಕೊಂಡ ಎಷ್ಟು ಮನೆಗಳಿಗೆ ಇದು ಗೊತ್ತು?

ಇನ್ನೆರಡು ಸಂಗತಿಗಳನ್ನು ಪ್ರತಿಯೊಂದು ಮನೆಯವರೂ ನೆನಪಿನಲ್ಲಿಡತಕ್ಕದ್ದು. ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯುವ ಅಧಿಕಾರವು ಖಾಸಗಿ ಆಸ್ಪತ್ರೆಗಳಿಗಿಲ್ಲ. ಶವವನ್ನೊಪ್ಪಿಸಿ ಬಾಕಿಯನ್ನು ಅನಂತರ ವಸೂಲು ಮಾಡಬೇಕೆಂದು ೨೦೧೭ರಲ್ಲಿ ತಿದ್ದಲ್ಪಟ್ಟ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಎರಡನೆಯದು, ಅಂತ್ಯಕ್ರಿಯೆ, ದಫನ, ದಹನ, ಶವಾಗಾರ, ಶವಸಾಗಣೆ ಈ ಸೇವೆಗಳನ್ನು ೨೦೧೭ರ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯು ತೆರಿಗೆಯ ವ್ಯಾಪ್ತಿಯಿಂದಲೇ ಹೊರಗಿರಿಸಿದೆ. ಹೆಣದ ಮೇಲೆ ಸರಕಾರವೇ ತೆರಿಗೆ ಹಾಕದಿರುವಾಗ ರಶೀದಿಯಲ್ಲಿ ತೆರಿಗೆಯ ಸಾಲು ಕಂಡರೆ, ಏಕೆಂದು ಕೇಳುವುದು ಅಮಂಗಳವೆ?

ಹೀಗೆ ಕಾನೂನು ಕೇಳುವುದು ಸ್ವಲ್ಪ. ಅದಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಉಳಿದ ವೆಚ್ಚವೆಲ್ಲ ಯಾರು ಹೇಳಿದ್ದೆಂಬುದನ್ನು ವಿಚಾರಿಸದೆ ತೆತ್ತದ್ದು. ವಾಹನದ ಬಾಡಿಗೆ ಮೈಲಿಗೋ ಗಂಟೆಗೋ? ಕಾಯುವ ಹೊತ್ತಿಗೆ ಬೇರೆ ಹಣವುಂಟೆ? ಪೆಟ್ಟಿಗೆಯ ಬಾಡಿಗೆ ದಿನಕ್ಕೆಷ್ಟು, ಠೇವಣಿ ಮರಳಿ ಬರುವುದೆ? ಒಂದು ಚಿತೆಗೆ ೩೦೦–೪೦೦ ಕಿಲೋ ಸೌದೆ ಬೇಕಾಗುವುದಷ್ಟೆ. ಅದನ್ನು ತೂಕದಿಂದ ಕೊಡುವರೋ ಗುತ್ತಿಗೆಯಿಂದಲೋ? ವಿದ್ಯುತ್ ಚಿತಾಗಾರಕ್ಕೆಷ್ಟು? ಈ ಪ್ರಶ್ನೆಗಳನ್ನು ಎರಡು ಕಡೆ ಕೇಳಿ ಹೋಲಿಸಿದರೆ ಸಾಕು, ಒಂದೇ ಸೇವೆಗೆ ಎರಡು ಕ್ರಯಗಳಿರುವುದು ತಾನಾಗಿ ಹೊರಬೀಳುತ್ತದೆ. ಅಮೇರಿಕೆಯಲ್ಲಿ ಶವಸಂಸ್ಕಾರದ ಉದ್ಯಮಿಯು ಪ್ರತಿಯೊಂದು ಬಾಬಿನ ದರಪಟ್ಟಿಯನ್ನು ಕೇಳಿದವರಿಗೆ ಕೊಡಬೇಕೆಂಬ ನಿಯಮವು ೧೯೮೪ರಿಂದಲೇ ಇದೆ. ಇಂಗ್ಲೆಂಡಿನಲ್ಲಿ ೨೦೨೧ರಿಂದ ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿಡಬೇಕು. ಅವರು ಪಿತೃಗಳನ್ನು ನಮಗಿಂತ ಕಡಿಮೆ ಪ್ರೀತಿಸುವವರೆಂದು ಯಾರೂ ಹೇಳಲಾರರು.

ಇನ್ನು ಪೂರ್ವಪಕ್ಷಗಳು. “ಲೆಕ್ಕ ನೋಡಿದರೆ ಶ್ರದ್ಧೆಗೆ ಕೊರತೆ” ಎಂಬುದು ಮೊದಲನೆಯದು. ಶ್ರಾದ್ಧವೆಂಬ ಶಬ್ದವೇ ಶ್ರದ್ಧೆಯಿಂದ ಹುಟ್ಟಿದ್ದು, ಸಂಭಾರದಿಂದಲ್ಲ. ಪಿತೃಕಾರ್ಯದಲ್ಲಿ ಮೂವರಿಗೆ, ಅಥವಾ ಒಬ್ಬನಿಗೇ, ಉಣಬಡಿಸಿದರೆ ಸಾಕು. ಸಿರಿವಂತನಾದರೂ ವಿಸ್ತಾರಕ್ಕೆಳಸಬಾರದು ಎಂಬುದು ಮನುಸ್ಮೃತಿಯ ಮೂರನೆಯ ಅಧ್ಯಾಯದ ಅಭಿಪ್ರಾಯ. ವಿಷ್ಣುಪುರಾಣದ ತೃತೀಯಾಂಶವಾದರೋ, ಏನೂ ಇಲ್ಲದವನು ಎಳ್ಳುನೀರನ್ನು ಬಿಡಲಿ, ಹಸುವಿಗೆ ಹುಲ್ಲನ್ನಿಕ್ಕಲಿ, ಅದೂ ಆಗದಿದ್ದರೆ ಕಾಡಿಗೆ ಹೋಗಿ ತೋಳೆತ್ತಿ ತನ್ನ ಭಕ್ತಿಯನ್ನು ಪಿತೃಗಳಿಗೆ ನಿವೇದಿಸಲಿ ಎನ್ನುತ್ತದೆ. ಸಾಲಮಾಡಿ ಸಾವಿರ ಎಲೆ ಹಾಕಿಸುವವನಿಗೆ ಈ ಗ್ರಂಥಗಳ ಆಶ್ರಯವಿಲ್ಲ.

“ಜನರು ಏನೆಂದಾರು?” ಎಂಬುದು ಎರಡನೆಯದು. ನಮ್ಮ ಕುದ್ರೋಳಿಯ ಮುಸಲ್ಮಾನ ಬಾಂಧವರನ್ನು ನೋಡಿರಿ. ಧನಿಕನಿಗೂ ದರಿದ್ರನಿಗೂ ಅದೇ ಬಿಳಿಯ ಕಫನು, ಅದೇ ಮಣ್ಣು. ಹೊರುವ ಮಂಚವೂ ಮಸೀದಿಯದೇ. ಅಲ್ಲಿ ಗೌರವಕ್ಕೇನೂ ಕುಂದಿಲ್ಲ. ೧೯೧೨ರಲ್ಲಿ ಇದೇ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ನಾರಾಯಣ ಗುರುಗಳು, ಮನೆಗಳನ್ನು ಸಾಲಕ್ಕೆ ಕೆಡಹುವ ಆಡಂಬರದ ಸಮಾರಂಭಗಳನ್ನು ಬಿಡಬೇಕೆಂದು ತಮ್ಮವರಿಗೆ ಬೋಧಿಸಿದರು. ಅವರ ಗುಡಿಗೆ ಕೈಮುಗಿಯುವ ಊರಿನಲ್ಲಿ ಅವರ ಮಾತಿಗೆ ಕಿವಿ ಮುಚ್ಚುವುದು ತರವಲ್ಲ.

“ಬಡಕೆಲಸಗಾರರ ಹೊಟ್ಟೆಗೆ ಕಲ್ಲು ಹಾಕುವಿರಾ?” ಎಂಬುದು ಮೂರನೆಯದು. ಉರಿಯ ಮುಂದೆ ನಿಂತು ಬೇಯುವವನ ಕೂಲಿಯನ್ನು ನಾನು ಹೆಚ್ಚೆನ್ನುವುದಿಲ್ಲ. ನಮ್ಮ ಮೌನದಿಂದ ಕೊಬ್ಬುವವನು ಅವನಲ್ಲ, ಆಸ್ಪತ್ರೆಯ ಬಾಗಿಲಲ್ಲಿ ನಿಂತು “ಎಲ್ಲವನ್ನೂ ನಾನು ನೋಡಿಕೊಳ್ಳುತ್ತೇನೆ” ಎನ್ನುವ ನಡುವಿನವನು. ಫಲಕದಲ್ಲಿ ಕೆಲಸಗಾರನ ಕೂಲಿಯನ್ನೂ ಬರೆದರೆ ಅವನಿಗೂ ನ್ಯಾಯ ದೊರೆಯುವುದು.

ಸಾವಿನ ವಿಚಾರವನ್ನು ಅಮಂಗಳವೆಂದು ದೂರವಿಟ್ಟರೆ ಏನಾಗುವುದೆಂಬುದನ್ನು ಈ ಊರು ೨೦೨೦ರ ಎಪ್ರಿಲಿನಲ್ಲಿ ಕಂಡಿದೆ. ಮಹಾಮಾರಿಯಿಂದ ತೀರಿಕೊಂಡ ಬಂಟ್ವಾಳದ ಒಬ್ಬ ವೃದ್ಧೆಯ ದಹನಕ್ಕೆ ಮಂಗಳೂರಿನ ಸ್ಮಶಾನಗಳ ಸುತ್ತಲಿನ ಜನರು ಅಡ್ಡಿಮಾಡಿದರು. ಕಡೆಗೆ ನಡುರಾತ್ರಿಯ ಮೇಲೆ ಬಂಟ್ವಾಳದ ಕೈಕುಂಜೆಯಲ್ಲಿ ಚಿತೆ ಹತ್ತಿತು. ದಹನದ ಬೂದಿಯಿಂದ ಅಪಾಯವಿಲ್ಲವೆಂದು ಕೇಂದ್ರದ ಆರೋಗ್ಯ ಇಲಾಖೆಯು ಆ ಮಾರ್ಚಿನಲ್ಲೇ ಸಾರಿತ್ತು. ನಿಯಮವಿತ್ತು, ಅದನ್ನು ಓದಿಕೊಂಡವರಿರಲಿಲ್ಲ.

ಆದುದರಿಂದ ನನ್ನ ಸೂಚನೆಗಳಿವು. ಬೋಳೂರು, ನಂದಿಗುಡ್ಡೆ ಮೊದಲಾದ ಸ್ಮಶಾನಗಳ ದ್ವಾರದಲ್ಲಿಯೂ ಪ್ರತಿಯೊಂದು ಆಸ್ಪತ್ರೆಯ ಶವಾಗಾರದ ಮುಂದೆಯೂ, ಬೇಕಾದ ಕಾಗದಗಳನ್ನೂ ಬಾಬುವಾರು ದರಗಳನ್ನೂ ಕನ್ನಡದಲ್ಲಿ ಬರೆದ ಫಲಕವನ್ನು ನಗರಪಾಲಿಕೆಯು ಹಾಕಿಸಲಿ. ನಮ್ಮ ಸಂಘವು ಆ ದರಗಳನ್ನು ಸಂಗ್ರಹಿಸಿ ವರ್ಷಕ್ಕೊಮ್ಮೆ ಈ ಪತ್ರಿಕೆಯಲ್ಲೇ ಅಚ್ಚುಹಾಕಲಿ. ಮೂರನೆಯದು ನಮ್ಮ ಕೈಯಲ್ಲೇ ಇದೆ: ಅರುವತ್ತು ದಾಟಿದ ನಾವೆಲ್ಲರೂ ನಮ್ಮ ಕ್ರಿಯೆ ಎಲ್ಲಿ, ಹೇಗೆ, ಎಷ್ಟರಲ್ಲಿ ನಡೆಯತಕ್ಕದ್ದೆಂದು ಒಂದು ಹಾಳೆಯಲ್ಲಿ ಬರೆದು ಮಕ್ಕಳ ಕೈಯಲ್ಲಿಡೋಣ. ನಾನು ಬರೆದಿಟ್ಟಿದ್ದೇನೆ. ಅದನ್ನೋದಿ ಮನೆಯವರು ಒಂದು ಸಂಜೆ ಬೇಸರಪಟ್ಟರು. ಮರುದಿನ, ಪೆಟ್ಟಿಗೆಯ ಬಾಡಿಗೆ ಎಷ್ಟೆಂದು ವಿಚಾರಿಸಿಕೊಂಡು ಬಂದವರೂ ಅವರೇ.