ಕಪಾಟಿನ ಬೀಗ ತೆಗೆಯಿರಿ

ಕಳೆದ ತಿಂಗಳು ರಜೆಗೆಂದು ನನ್ನ ಮೊಮ್ಮಗಳು ಮನೆಗೆ ಬಂದಿದ್ದಳು. ಏಳನೆಯ ತರಗತಿಯ ಹುಡುಗಿ. ರಜೆ ಮುಗಿದೊಡನೆ ಪರೀಕ್ಷೆಯಿರುವುದರಿಂದ ಬೆಳಗಿನ ಹೊತ್ತು ಜಗುಲಿಯಲ್ಲಿ ಕುಳಿತು ವಿಜ್ಞಾನದ ಟಿಪ್ಪಣಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. "ವಿದ್ಯುತ್ ಹರಿಯಲು ಇರುವ ಮುಚ್ಚಿದ ಪಥವನ್ನು ವಿದ್ಯುನ್ಮಂಡಲ ಎನ್ನುವರು" ಎಂಬ ಒಂದೇ ವಾಕ್ಯವನ್ನು ಹತ್ತು ಹನ್ನೆರಡು ಸಲ ಹೇಳಿದ್ದನ್ನು ನಾನು ಒಳಗಿನಿಂದಲೇ ಕೇಳಿಸಿಕೊಂಡೆ. ಕೊನೆಗೆ ತಡೆಯಲಾರದೆ ಹಳೆಯ ಟಾರ್ಚಿನ ಒಂದು ಸೆಲ್ಲು, ಒಂದು ಪುಟ್ಟ ಬಲ್ಬು ಮತ್ತು ಗೇಣುದ್ದದ ಒಂದೇ ಒಂದು ತಂತಿಯನ್ನು ತಂದು ಅವಳ ಮುಂದಿಟ್ಟು, "ಇದನ್ನು ಹೊತ್ತಿಸು, ನೋಡೋಣ" ಎಂದೆ.

ಅವಳು ತಂತಿಯ ಒಂದು ತುದಿಯನ್ನು ಸೆಲ್ಲಿನ ತಲೆಗೂ ಇನ್ನೊಂದನ್ನು ಬಲ್ಬಿನ ಬುಡಕ್ಕೂ ಮುಟ್ಟಿಸಿದಳು. ಬೆಳಕು ಬರಲಿಲ್ಲ. ತಂತಿಯನ್ನು ತಿರುಗಿಸಿ ಹಿಡಿದಳು. ಆಗಲೂ ಇಲ್ಲ. ಐದು ನಿಮಿಷದ ನಂತರ, "ತಾತ, ಈ ಬಲ್ಬು ಸುಟ್ಟುಹೋಗಿದೆ" ಎಂದು ತೀರ್ಪು ಕೊಟ್ಟಳು. ಬಲ್ಬಿನ ತಳದ ಬಿಂದುವನ್ನು ಸೆಲ್ಲಿನ ತಲೆಯ ಮೇಲೆ ನೇರವಾಗಿ ಕೂರಿಸಿ, ತಂತಿಯ ಒಂದು ತುದಿಯನ್ನು ಬಲ್ಬಿನ ಲೋಹದ ಕವಚಕ್ಕೂ ಮತ್ತೊಂದನ್ನು ಸೆಲ್ಲಿನ ತಳಕ್ಕೂ ಮುಟ್ಟಿಸಿ ತೋರಿಸಿದಾಗ ಅವಳ ಕಣ್ಣು ಬಲ್ಬಿಗಿಂತ ಹೆಚ್ಚು ಬೆಳಗಿತು. "ಮುಚ್ಚಿದ ಪಥ ಅಂದ್ರೆ ಇದೇನಾ?" ಎಂದು ಕೇಳಿದಳು. ಹಿಂದಿನ ಪರೀಕ್ಷೆಯಲ್ಲಿ ಇದೇ ಪಾಠಕ್ಕೆ ಅವಳಿಗೆ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಅಂಕ ಬಂದಿತ್ತು.

ಆ ಇಪ್ಪತ್ನಾಲ್ಕು ಅಂಕದ ವಿರುದ್ಧವೇ ಈ ಬರಹ. ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಪಠ್ಯಪುಸ್ತಕದ ಮೇಲೂ ಇಲ್ಲ. ಈಗಿನ ಪುಸ್ತಕಗಳಲ್ಲಿ "ಚಟುವಟಿಕೆ" ಎಂಬ ತಲೆಬರಹದಡಿ ಸೆಲ್ಲು, ಬಲ್ಬು, ತಂತಿಗಳ ಚಿತ್ರ ಸಹಿತ ವಿವರಣೆಯಿದೆ. ಆದರೆ ಆ ಪುಟ ಬಂದಾಗ ತರಗತಿಯಲ್ಲಿ ನಡೆಯುವುದೇನು? "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂಬ ಆಜ್ಞೆ. ಮರುಕ್ಷಣವೇ ಅದರ ಫಲಿತಾಂಶವನ್ನು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಸಿ ಬಾಯಿಪಾಠ ಮಾಡಿಸುವುದು. ಅಡುಗೆಯ ವಿಧಾನವನ್ನು ಕಂಠಪಾಠ ಮಾಡಿಸಿ ಮಕ್ಕಳನ್ನು ಉಪವಾಸ ಕಳುಹಿಸಿದಂತಾಯಿತು.

"ಶಕ್ತಿ" ಎಂಬ ಪಾಠವನ್ನೇ ತೆಗೆದುಕೊಳ್ಳಿ. "ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ" ಎಂಬುದನ್ನು ನನ್ನ ಕೈಕೆಳಗೆ ಓದಿದವರೆಲ್ಲ ನಿದ್ದೆಯಲ್ಲಿಯೂ ಹೇಳಬಲ್ಲರು. ಆದರೆ ಮುಂದಿನ ತರಗತಿಗೆ ಹೋದೊಡನೆ ಅದೇ "ಸಾಮರ್ಥ್ಯ" ಎಂಬ ಪದ ವಾಟ್‌ಗಳಲ್ಲಿ ಅಳೆಯುವ ಬೇರೊಂದು ಪರಿಮಾಣದ ಹೆಸರಾಗಿಬಿಡುತ್ತದೆ. ಹಾಗಾದರೆ ಶಕ್ತಿಯೂ ಸಾಮರ್ಥ್ಯವೂ ಒಂದೆಯೋ ಬೇರೆಯೋ? ಮಾತುಗಳಲ್ಲಿಯೇ ಕಲಿತ ಮಗು ಇಲ್ಲಿ ದಾರಿ ತಪ್ಪುತ್ತದೆ. ಮೀಟರಿನ ಮುಂದೆ ನಿಂತು ಕಲಿತ ಮಗು ತಪ್ಪುವುದಿಲ್ಲ. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಕಾದರೆ ಒಂದು ಯೂನಿಟ್. ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಅದೇ ಒಂದು ಯೂನಿಟ್ಟಿನಲ್ಲಿ ನೂರಹನ್ನೊಂದು ಗಂಟೆ ಉರಿಯುತ್ತದೆ. ವಾಟ್ ಎಂದರೆ ಖರ್ಚಿನ ವೇಗ, ಯೂನಿಟ್ ಎಂದರೆ ಖರ್ಚಾದ ಮೊತ್ತ. ಇದಕ್ಕೆ ಪ್ರಯೋಗಾಲಯವೂ ಬೇಡ, ಗೋಡೆಯ ಮೇಲಿನ ಮೀಟರ್ ಸಾಕು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ನಾಡಿನ ಮನೆಮನೆಯಲ್ಲಿಯೂ "ಇನ್ನೂರು ಯೂನಿಟ್" ಎಂಬ ಮಾತು ಕೇಳಿಬಂತು. ಎಷ್ಟು ಶಾಲೆಗಳಲ್ಲಿ ಆ ವಾರ ಮಕ್ಕಳಿಗೆ ವಿದ್ಯುತ್ ಬಿಲ್ಲನ್ನು ತರಲು ಹೇಳಿದರು?

ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಬರಿಯ ಅಂಕಿಯಾಗಿ ಇದು ಸತ್ತ ವಸ್ತು. ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಅಷ್ಟು ನೀರು ಜೋಗದ ನೆತ್ತಿಯಿಂದ 253 ಮೀಟರ್ ಕೆಳಕ್ಕೆ ಧುಮುಕಿದರೂ ಬಿಡುಗಡೆಯಾಗುವ ಶಕ್ತಿ ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. ಹಾಗಿದ್ದರೆ ನಮ್ಮ ಒಂದು ಮನೆಯ ಒಂದು ದಿನದ ಬೆಳಕಿಗೆ, ಬಿಸಿನೀರಿಗೆ ಎಷ್ಟು ನೀರು ಬೆಟ್ಟದಿಂದ ಇಳಿಯಬೇಕು? ಈ ಲೆಕ್ಕವನ್ನು ಒಮ್ಮೆ ಮಾಡಿದ ಮಗು ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಲು ಬಿಡುವುದಿಲ್ಲ. 1902ರಲ್ಲಿಯೇ ಶಿವನಸಮುದ್ರದ ನೀರಿನಿಂದ ವಿದ್ಯುತ್ ತೆಗೆದು ದೂರದ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ನಾಡು ನಮ್ಮದು. ಅಂಥ ನಾಡಿನ ಮಕ್ಕಳು ಪ್ರಚ್ಛನ್ನ ಶಕ್ತಿಯನ್ನು ಉಕ್ತಲೇಖನದಂತೆ ಬರೆದುಕೊಳ್ಳುವುದು ಯಾವ ನ್ಯಾಯ?

ತರಂಗದ ಪಾಠದ ಗತಿಯೂ ಅಷ್ಟೆ. "ತರಂಗವು ಶಕ್ತಿಯನ್ನು ಸಾಗಿಸುತ್ತದೆ, ವಸ್ತುವನ್ನಲ್ಲ" ಎಂದು ಬರೆಸುತ್ತೇವೆ. ಊರಿನ ಕೆರೆಗೆ ಹೋಗಿ ಒಂದು ಒಣಗಿದ ಎಲೆಯನ್ನು ತೇಲಿಬಿಟ್ಟು, ಅದಕ್ಕಿಂತ ಆಚೆ ಕಲ್ಲೆಸೆದರೆ ಅಲೆ ದಡಕ್ಕೆ ಬಂದು ಮುಟ್ಟುತ್ತದೆ. ಎಲೆ ಮಾತ್ರ ಇದ್ದಲ್ಲಿಯೇ ಏಳುತ್ತ ಬೀಳುತ್ತ ಉಳಿಯುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ಬಡಿದುದು ಮೊದಲು ಕಾಣುತ್ತದೆ, ಸದ್ದು ಅನಂತರ ಕೇಳುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮಿಂಚು ಕಂಡು ಮೂರು ಎಣಿಸುವಷ್ಟರಲ್ಲಿ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ, ಬಯಲಿನಲ್ಲಿ ನಿಲ್ಲಬಾರದು ಎಂಬುದು ಹೊಲದಲ್ಲಿ ದುಡಿಯುವವರ ಮಕ್ಕಳಿಗೆ ಪ್ರಾಣ ಉಳಿಸುವ ವಿದ್ಯೆ.

ಇಷ್ಟೆಲ್ಲ ಬರೆಯುವ ಮೇಷ್ಟ್ರು ತಾನೇನು ಮಾಡಿದ ಎಂದು ನೀವು ಕೇಳಬಹುದು. ಕೇಳಲೇಬೇಕು.

ನಾನು 1972ರಲ್ಲಿ ಕೆಲಸಕ್ಕೆ ಸೇರಿದೆ. ಶಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿತ್ತು. ಅದರಲ್ಲಿ ಅಯಸ್ಕಾಂತ, ಶ್ರುತಿಕವೆ, ಸೆಲ್ಲುಗಳು, ತಾಮ್ರದ ತಂತಿಯ ಸುರುಳಿ, ಗಂಟೆ ಎಲ್ಲವೂ ಇದ್ದವು. ಬೀಗದ ಕೈ ನನ್ನ ಬಳಿ ಇತ್ತು. ಒಡೆದುಹೋದ ವಸ್ತುವಿನ ಬೆಲೆಯನ್ನು ಮೇಷ್ಟರ ಸಂಬಳದಿಂದ ಕಡಿತಗೊಳಿಸುತ್ತಾರೆ, ಸ್ಟಾಕ್ ರಿಜಿಸ್ಟರಿಗೂ ಕಪಾಟಿಗೂ ತಾಳೆಯಾಗದಿದ್ದರೆ ತಪಾಸಣೆಯಲ್ಲಿ ಮಾತು ಕೇಳಬೇಕಾಗುತ್ತದೆ ಎಂದು ಹಿರಿಯರು ಎಚ್ಚರಿಸಿದ್ದರು. ಹಾಗಾಗಿ ನಾನು ಆ ಕಪಾಟನ್ನು ವರ್ಷಕ್ಕೊಮ್ಮೆ ತಪಾಸಣೆಯ ಹಿಂದಿನ ದಿನ ಧೂಳು ಹೊಡೆಯಲು ಮಾತ್ರ ತೆರೆಯುತ್ತಿದ್ದೆ. ವಸ್ತುಗಳೆಲ್ಲ ಸುರಕ್ಷಿತವಾಗಿದ್ದವು. ಮಕ್ಕಳು ಗಾಜಿನ ಹೊರಗೆ ಇದ್ದರು.

ಆ ದಿನಗಳ ನನ್ನ ವಿದ್ಯಾರ್ಥಿಯೊಬ್ಬನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಜೊತೆಯವರಿಗೆ ಗೊತ್ತಾಗುತ್ತದೆ. ಜಾಣ. "ಭೂಸಂಪರ್ಕ ಎಂದರೇನು? ಅದರ ಉಪಯೋಗವೇನು?" ಎಂಬ ಪ್ರಶ್ನೆಗೆ ನಾನೇ ಅವನಿಗೆ ಐದಕ್ಕೆ ಐದು ಅಂಕ ಕೊಟ್ಟಿದ್ದೆ. ಹತ್ತು ಹದಿನೈದು ವರ್ಷಗಳ ತರುವಾಯ ಅವನು ಮನೆಯ ತೊಟ್ಟಿಗೆ ನೀರೆತ್ತಲು ಒಂದು ಮೋಟಾರನ್ನು ತಂದು ತಾನೇ ಕೂಡಿಸಿದ. ಪ್ಲಗ್ಗು ಇರಲಿಲ್ಲವೆಂದು ಎರಡು ತಂತಿಗಳನ್ನು ಸಾಕೆಟ್ಟಿನ ತೂತುಗಳಿಗೆ ಸೇರಿಸಿ ಬೆಂಕಿಕಡ್ಡಿಯಿಂದ ಬಿಗಿ ಮಾಡಿದ. ಮೂರನೆಯದಾದ ಹಸಿರು ತಂತಿಯನ್ನು ಸುತ್ತಿ ಪಕ್ಕಕ್ಕಿಟ್ಟ. ಒಂದು ದಿನ ಮೋಟಾರಿನೊಳಗಿನ ಹೊದಿಕೆ ಸವೆದು ವಿದ್ಯುತ್ತು ಕಬ್ಬಿಣದ ಕವಚಕ್ಕೆ ಇಳಿದಿತ್ತು. ಅವನ ತಾಯಿ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟಿದರು. ಉಳಿಯಲಿಲ್ಲ.

ಹಸಿರು ತಂತಿ ಕೂಡಿದ್ದಿದ್ದರೆ ಸೋರಿದ ವಿದ್ಯುತ್ತು ಆ ಕಡಿಮೆ ರೋಧದ ದಾರಿಯಲ್ಲಿ ಭೂಮಿಗೆ ನುಗ್ಗಿ, ಫ್ಯೂಸ್ ಕರಗಿ, ಮೋಟಾರು ತಾನಾಗಿ ನಿಲ್ಲುತ್ತಿತ್ತು. ನಾನು ನೋಡಲು ಹೋದಾಗ ಅವನು ಅಳಲಿಲ್ಲ. "ಮೇಷ್ಟ್ರೇ, ಭೂಸಂಪರ್ಕ ಅಂತ ಪರೀಕ್ಷೇಲಿ ಬರೆದಿದ್ದೆ. ಅದು ಈ ಹಸಿರು ತಂತೀನೇ ಅಂತ ಗೊತ್ತಿರ್ಲಿಲ್ಲ" ಎಂದ. ಅವನು ನನ್ನನ್ನು ಆಕ್ಷೇಪಿಸಲಿಲ್ಲ. ಅದೇ ನನಗೆ ಹೆಚ್ಚಿನ ಶಿಕ್ಷೆಯಾಯಿತು. ಮರುದಿನ ಶಾಲೆಗೆ ಹೋಗಿ ಕಪಾಟಿನ ಬೀಗ ತೆಗೆದೆ. ನಿವೃತ್ತನಾಗುವವರೆಗೂ ಅದಕ್ಕೆ ಮತ್ತೆ ಬೀಗ ಹಾಕಲಿಲ್ಲ. ಒಂದು ಮೂರು ಪಿನ್ನಿನ ಪ್ಲಗ್ಗನ್ನು ಬಿಚ್ಚಿ, ದೊಡ್ಡ ಪಿನ್ನು ಏಕೆ ಉದ್ದ, ಏಕೆ ದಪ್ಪ ಎಂದು ಮಕ್ಕಳನ್ನೇ ಕೇಳುವುದು ನನ್ನ ಮೊದಲ ಪಾಠವಾಯಿತು. ಉದ್ದವಾಗಿರುವುದರಿಂದ ಅದು ಮೊದಲು ಸಂಪರ್ಕಕ್ಕೆ ಬರುತ್ತದೆ. ದಪ್ಪವಾಗಿರುವುದರಿಂದ ಬೇರೆ ತೂತಿಗೆ ಹೋಗುವುದಿಲ್ಲ. 1990ರ ಆಚೆಗೆ ಓದಿದವರಿಗೆ ಇದು ನೆನಪಿರಬೇಕು. ಅದಕ್ಕೆ ಮುಂಚೆ ಓದಿದವರು ನನ್ನನ್ನು ಕ್ಷಮಿಸಬೇಕು.

ಈಗ ಆಕ್ಷೇಪಗಳಿಗೆ ಬರೋಣ.

ಮಕ್ಕಳ ಕೈಗೆ ವಿದ್ಯುತ್ತನ್ನು ಕೊಡುವುದು ಅಪಾಯ ಎನ್ನುತ್ತಾರೆ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲು ಯಾರಿಗೂ ಆಘಾತ ಮಾಡದು. ಅಪಾಯವಿರುವುದು ಮನೆಯ 230 ವೋಲ್ಟಿನಲ್ಲಿ, ಮತ್ತು ಅದು ಹೇಗೂ ಪ್ರತಿ ಮಗುವಿನ ಕೈಯಳತೆಯಲ್ಲಿಯೇ ಇದೆ. ಚಿಕ್ಕದರಲ್ಲಿ ಕಲಿಯದವರು ದೊಡ್ಡದರಲ್ಲಿ ಹೇಗೆ ಎಚ್ಚರ ವಹಿಸಿಯಾರು?

ಪಾಠಗಳು ಮುಗಿಯುವುದಿಲ್ಲ ಎನ್ನುತ್ತಾರೆ. ಯಾರಿಗೆ ಮುಗಿಯಬೇಕು? ದಿನಚರಿ ಪುಸ್ತಕದಲ್ಲಿ ಮುಗಿದ ಪಾಠ ಮಗುವಿನಲ್ಲಿ ಆರಂಭವೇ ಆಗಿರುವುದಿಲ್ಲ. ಇಂದಿನ ಮೇಷ್ಟರ ಹೆಗಲ ಮೇಲೆ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ಇವೆಯೆಂಬುದನ್ನು ಬಲ್ಲೆ. ಆ ಹೊರೆಯನ್ನು ಇಳಿಸಿರೆಂದು ಕೂಗುವವರಲ್ಲಿ ನಾನೂ ಒಬ್ಬ. ಆದರೆ ಹೊರೆಯ ಹೆಸರಿನಲ್ಲಿ ಬೀಗವನ್ನು ಸಮರ್ಥಿಸಲಾರೆ.

ಈಗ ಸ್ಮಾರ್ಟ್ ಬೋರ್ಡ್ ಬಂದಿದೆ, ಎಲ್ಲವನ್ನೂ ಪರದೆಯ ಮೇಲೆ ತೋರಿಸಬಹುದು ಎನ್ನುತ್ತಾರೆ. ಪರದೆಯ ಮೇಲಿನ ಬಲ್ಬು ಎಂದೂ ಹೊತ್ತದೆ ಉಳಿಯುವುದಿಲ್ಲ. ಅದೇ ಅದರ ದೋಷ. ಹೊತ್ತದ ಬಲ್ಬಿನ ಮುಂದೆ ಕುಳಿತು, ತಂತಿಯ ತುದಿಯ ಹೊದಿಕೆ ಸುಲಿದಿಲ್ಲವೇ, ಸೆಲ್ಲು ಮುಗಿದಿದೆಯೇ, ಕವಚ ತಾಗಿಲ್ಲವೇ ಎಂದು ಒಂದೊಂದಾಗಿ ಪರೀಕ್ಷಿಸುವುದೇ ವಿಜ್ಞಾನ. ಆ ಬೋರ್ಡಿನ ಬೆಲೆಯಲ್ಲಿ ಇಡೀ ತಾಲ್ಲೂಕಿನ ಮಕ್ಕಳಿಗೆ ಸೆಲ್ಲು, ತಂತಿ, ಬಲ್ಬು ಕೊಳ್ಳಬಹುದಿತ್ತು.

ಇದೆಲ್ಲ ಕನಸಿನ ಮಾತು ಎನ್ನುವವರಿಗೆ ಒಂದು ಚರಿತ್ರೆಯನ್ನು ನೆನಪಿಸುತ್ತೇನೆ. ನಾನು ಕಪಾಟಿಗೆ ಬೀಗ ಹಾಕಿದ ಅದೇ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಹಳ್ಳಿಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಯ ವಿಜ್ಞಾನವನ್ನು ಪ್ರಯೋಗದ ಮೂಲಕವೇ ಕಲಿಸುವ ಕಾರ್ಯಕ್ರಮ ಆರಂಭವಾಯಿತು. ಮಕ್ಕಳು ಗುಂಪುಗಳಲ್ಲಿ ಪ್ರಯೋಗ ಮಾಡಿ, ತಾವು ಕಂಡದ್ದನ್ನು ತಾವೇ ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಸರ್ಕಾರಿ ಶಾಲೆಯ ಸಾಧಾರಣ ಮೇಷ್ಟರುಗಳೇ ಅದನ್ನು ನಡೆಸಿದರು, ಅದು ನೂರಾರು ಶಾಲೆಗಳಿಗೆ ಹರಡಿತು. ಮೂವತ್ತು ವರ್ಷಗಳ ನಂತರ, 2002ರಲ್ಲಿ, ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ನಿಲ್ಲಿಸಿದ್ದು ದುರದೃಷ್ಟ; ಆದರೆ ಮೂವತ್ತು ವರ್ಷ ನಡೆದದ್ದನ್ನು ಅಸಾಧ್ಯವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಮೇಷ್ಟರು, ಮೇಡಂಗಳು. ಕೆಲವರು ಶಾಲಾಭಿವೃದ್ಧಿ ಸಮಿತಿಯಲ್ಲಿದ್ದೀರಿ. ಬಹುಪಾಲು ಎಲ್ಲರೂ ತಂದೆ ತಾಯಿಯರು. ಮೇಷ್ಟರಾದವರಲ್ಲಿ ನನ್ನ ಬೇಡಿಕೆ ಒಂದೇ: ಬಲ್ಬು ಒಡೆದರೆ ಒಡೆಯಲಿ, ಬೀಗ ತೆಗೆಯಿರಿ. ಸಮಿತಿಯಲ್ಲಿರುವವರು, ಒಡೆದ ಬಲ್ಬಿನ ಲೆಕ್ಕವನ್ನು ಮೇಷ್ಟರ ತಲೆಗೆ ಕಟ್ಟಬೇಡಿ. ತಂದೆ ತಾಯಿಯರು, "ಎಷ್ಟು ಅಂಕ ಬಂತು?" ಎಂದು ಕೇಳುವ ಮೊದಲು "ಈ ತಿಂಗಳು ಏನನ್ನು ಕೈಯಾರೆ ಮಾಡಿದೆ?" ಎಂದು ಕೇಳಿ. ಮತ್ತು ಇಂದೇ ಎದ್ದು ಹೋಗಿ ನಿಮ್ಮ ಮನೆಯ ಮೋಟಾರಿನ ಹಸಿರು ತಂತಿ ಕೂಡಿದೆಯೋ ಇಲ್ಲವೋ ನೋಡಿ. ಅನುಮಾನ ಬಂದರೆ ನೀವು ಮುಟ್ಟದೆ, ಬಲ್ಲವರನ್ನು ಕರೆಸಿ.

ಮೊಮ್ಮಗಳು ಊರಿಗೆ ಹೊರಡುವಾಗ ಆ ಸೆಲ್ಲು, ಬಲ್ಬು, ತಂತಿಗಳನ್ನು ಚೀಲದಲ್ಲಿಟ್ಟುಕೊಂಡಳು. ತರಗತಿಯಲ್ಲಿ ಎಲ್ಲರಿಗೂ ತೋರಿಸುತ್ತಾಳಂತೆ. "ಮಿಸ್ ಬೈದರೆ?" ಎಂದು ಕೇಳಿದೆ. "ಅವರಿಗೂ ಒಂದ್ಸಲ ಹೊತ್ಸೋಕೆ ಕೊಡ್ತೀನಿ ತಾತ" ಎಂದಳು.