ಹಣ ಕೊಡಲು ಹೊಸ ಮೊಬೈಲೇ ಬೇಕೆ?

ಹೋದ ಸೆಮಿಸ್ಟರ್‌ನಲ್ಲಿ ಒಂದು ದಿನ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ 26 ರೂಪಾಯಿ ಕೊಡಲಾಗದೆ ನಿಂತಿದ್ದೆ. ಖಾತೆಯಲ್ಲಿ ಹಣವಿತ್ತು, ಮೊಬೈಲ್‌ನಲ್ಲಿ ಚಾರ್ಜ್ ಇತ್ತು, ನೆಟ್‌ವರ್ಕ್ ಕೂಡ ಇತ್ತು. ಆದರೆ ಬ್ಯಾಂಕಿನ ಆ್ಯಪ್ ಮಾತ್ರ ‘ಈ ಸಾಧನ ಸುರಕ್ಷಿತವಲ್ಲ’ ಎಂದು ಹೇಳಿ ಮುಚ್ಚಿಕೊಂಡಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಗೆಳೆಯ ಹಣ ಕೊಟ್ಟ.

ಆಗಿದ್ದಿಷ್ಟು. ಐದು ವರ್ಷ ಹಳೆಯ ನನ್ನ ಮೊಬೈಲ್‌ಗೆ ಕಂಪನಿಯ ಅಪ್‌ಡೇಟ್ ಬರುವುದು ನಿಂತುಹೋಗಿತ್ತು. ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಸುಮ್ಮನಿರುತ್ತಾನೆಯೇ? ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶವೊಂದನ್ನು ಹಾಕಿಕೊಂಡೆ. ಭದ್ರತಾ ಅಪ್‌ಡೇಟ್‌ಗಳು ಮತ್ತೆ ಬರತೊಡಗಿದವು. ವಿಚಿತ್ರ ನೋಡಿ, ಅಪ್‌ಡೇಟ್ ಇಲ್ಲದ ಫೋನನ್ನು ಒಪ್ಪಿದ್ದ ಆ್ಯಪ್, ಅಪ್‌ಡೇಟ್ ಇರುವ ಫೋನನ್ನು ಒಪ್ಪಲಿಲ್ಲ. ವಂಚಕರ ಕಾಟ ಇಷ್ಟಿರುವಾಗ ಬ್ಯಾಂಕ್ ಫೋನನ್ನು ಪರೀಕ್ಷಿಸುವುದು ತಪ್ಪಲ್ಲ, ಒಪ್ಪುತ್ತೇನೆ. ಆದರೆ ಸಹಾಯವಾಣಿಯವರು ಕೊಟ್ಟ ಪರಿಹಾರ ಒಂದೇ: ‘ಹೊಸ ಮೊಬೈಲ್ ತಗೊಳ್ಳಿ ಸರ್’. ಹೊಸ ಮೊಬೈಲ್ ಎಂದರೆ ನನ್ನ ನಾಲ್ಕು ತಿಂಗಳ ಮೆಸ್ ಬಿಲ್!

ಆಗಲೇ ನನಗೆ ಈ ಪ್ರಶ್ನೆ ಕಾಡಿದ್ದು. ಯುಪಿಐ ನಮ್ಮದೇ. ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) 2016ರಲ್ಲಿ ಅದನ್ನು ಆರಂಭಿಸಿತು. ಆದರೆ ನಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನ್‌ಗಳು ಬಹುತೇಕ ನಡೆಯುವುದು ಗೂಗಲ್‌ನ ಆಂಡ್ರಾಯ್ಡ್ ಅಥವಾ ಆ್ಯಪಲ್‌ನ ಐಒಎಸ್ ಮೇಲೆ. ಯುಪಿಐ ವಹಿವಾಟಿನ ಬಹುಪಾಲು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳ ಮೂಲಕ ಹೋಗುತ್ತದೆ. ಒಂದು ಆ್ಯಪ್‌ನ ಪಾಲು ಶೇ 30 ದಾಟಬಾರದೆಂದು ಎನ್‌ಪಿಸಿಐ 2020ರಲ್ಲೇ ಹೇಳಿತು. ಗಡುವು ಮಾತ್ರ ಮುಂದಕ್ಕೆ ಹೋಗುತ್ತಾ 2026ರ ಕೊನೆಗೆ ಬಂದು ನಿಂತಿದೆ. ರಸ್ತೆ ನಾವು ಹಾಕಿದ್ದು, ಗೇಟಿನ ಕೀಲಿ ಬೇರೆಯವರ ಬಳಿ ಇದೆ.

ಬೇರೆ ದಾರಿ ಇಲ್ಲವೇ? ಇದೆ ಎಂದು ಗೊತ್ತಾಗಿದ್ದು ಇಂಟರ್ನ್‌ಶಿಪ್ ಸಂದರ್ಶನಕ್ಕೆಂದು ಹಾಸನದಿಂದ ಬೆಂಗಳೂರಿಗೆ ಹೋದಾಗ. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ನನ್ನ ಮುಂದಿದ್ದ ಹಿರಿಯರೊಬ್ಬರು ರುಪೇ ಕಾರ್ಡೊಂದನ್ನು ಗೇಟಿಗೆ ತಾಗಿಸಿ ಒಳಗೆ ನಡೆದುಬಿಟ್ಟರು. ಅದು ಎನ್‌ಸಿಎಂಸಿ, ಅಂದರೆ ದೇಶದಾದ್ಯಂತ ಪ್ರಯಾಣಕ್ಕೆ ಒಂದೇ ಕಾರ್ಡ್. 2019ರಲ್ಲಿ ಶುರುವಾಗಿ 2023ರಲ್ಲಿ ‘ನಮ್ಮ ಮೆಟ್ರೊ’ಗೆ ಬಂತು. ದೆಹಲಿ, ಚೆನ್ನೈ ಮೆಟ್ರೊಗಳಲ್ಲೂ ನಡೆಯುತ್ತದೆ.

ಇದರ ತಂತ್ರ ಸರಳ. ಕಾರ್ಡಿನೊಳಗೆ ತೆಳುವಾದ ತಂತಿಯ ಸುರುಳಿ ಇರುತ್ತದೆ. ಯಂತ್ರದ ಹತ್ತಿರ ಹಿಡಿದಾಗ ಅದರ ಕಾಂತಕ್ಷೇತ್ರದಿಂದಲೇ ಚಿಪ್‌ಗೆ ವಿದ್ಯುತ್ ಸಿಗುತ್ತದೆ. ಬ್ಯಾಟರಿ ಬೇಡ, ಇಂಟರ್‌ನೆಟ್ ಬೇಡ. ಎನ್‌ಸಿಎಂಸಿಯಲ್ಲಿ 2,000 ರೂಪಾಯಿವರೆಗೆ ಹಣ ಕಾರ್ಡಿನಲ್ಲೇ ಇರುವುದರಿಂದ ಗೇಟು ಬ್ಯಾಂಕನ್ನು ಕೇಳುವ ಅಗತ್ಯವೂ ಇಲ್ಲ. ಆದರೆ ಕಾರ್ಡ್ ಕಳೆದರೆ ಅದರೊಳಗಿನ ಹಣ ಜೇಬಿನ ನೋಟು ಕಳೆದಂತೆಯೇ. ಅಷ್ಟು ಎಚ್ಚರ ಬೇಕು.

ನಿಮ್ಮ ಡೆಬಿಟ್ ಕಾರ್ಡನ್ನೊಮ್ಮೆ ತೆಗೆದು ನೋಡಿ. ನಾಲ್ಕು ಬಾಗಿದ ಗೆರೆಗಳ ಗುರುತಿದ್ದರೆ ಅದನ್ನೂ ತಾಗಿಸಿ ಹಣ ಕೊಡಬಹುದು. 2021ರಿಂದ 5,000 ರೂಪಾಯಿವರೆಗೆ ಪಿನ್ ಕೂಡ ಬೇಡ. ಸೌಲಭ್ಯ ಬಂದ್ ಆಗಿದ್ದರೆ ಬ್ಯಾಂಕ್ ಶಾಖೆಯಲ್ಲಿ ಕೇಳಿ ತೆರೆಸಿಕೊಳ್ಳಿ.

ಊರಿನಲ್ಲಿರುವ ಅಮ್ಮನದು ಕೀಪ್ಯಾಡ್ ಫೋನ್. ಮೊದಲೆಲ್ಲ ನನಗೆ ಮೆಸ್ ಹಣ ಕಳಿಸಲು ಪಕ್ಕದ ಮನೆಯ ಹುಡುಗನನ್ನು ಕಾಯುತ್ತಿದ್ದರು. 2022ರಲ್ಲಿ ಆರ್‌ಬಿಐ ಆರಂಭಿಸಿದ ‘ಯುಪಿಐ 123ಪೇ’ ಇಂಥವರಿಗಾಗಿಯೇ ಇದೆ. ಹಬ್ಬಕ್ಕೆ ಹೋದಾಗ ಅವರ ಡೆಬಿಟ್ ಕಾರ್ಡ್ ಬಳಸಿ ಪಿನ್ ಮಾಡಿಕೊಟ್ಟೆ. ಈಗ ಕರೆ ಮಾಡಿ, ಸಂಖ್ಯೆ ಒತ್ತಿ ತಾವೇ ಕಳಿಸುತ್ತಾರೆ. *99# ಒತ್ತಿದರೂ ಇಂಟರ್‌ನೆಟ್ ಇಲ್ಲದೆ ಹಣ ಹೋಗುತ್ತದೆ, ಅದೂ ಕನ್ನಡದಲ್ಲಿ.

ಹಾಗೆಂದು ಎಲ್ಲ ಸರಿಯಾಗಿದೆ ಎನ್ನುತ್ತಿಲ್ಲ. ಕ್ಯೂಆರ್ ಸ್ಟಿಕ್ಕರ್‌ಗೆ ಖರ್ಚೇ ಇಲ್ಲ. ಕಾರ್ಡ್ ಯಂತ್ರಕ್ಕೆ ಬಾಡಿಗೆ ಕಟ್ಟಬೇಕು. ಹತ್ತು ರೂಪಾಯಿ ಟೀ ಮಾರುವವರು ಅದನ್ನೆಲ್ಲಿಂದ ತರುತ್ತಾರೆ? ಅದಕ್ಕೇ ಜೆರಾಕ್ಸ್ ಅಂಗಡಿಯಲ್ಲಿ ನಾನು ಇವತ್ತಿಗೂ ಚಿಲ್ಲರೆ ಕೊಡುತ್ತೇನೆ. ಸರ್ಕಾರ ಮತ್ತು ಬ್ಯಾಂಕುಗಳು ಸಣ್ಣ ಅಂಗಡಿಗಳಿಗೆ ಕಡಿಮೆ ಬೆಲೆಯ ಯಂತ್ರ ಕೊಡಲಿ. ನಮ್ಮೂರ ಬಸ್‌ನಿಂದ ಮೆಟ್ರೊವರೆಗೆ ಎಲ್ಲ ಕಡೆ ಒಂದೇ ಕಾರ್ಡ್ ನಡೆಯಲಿ. ‘ನಗದು ಇಲ್ಲ, ಯುಪಿಐ ಮಾತ್ರ’ ಎನ್ನುವ ಕಾಲೇಜು ಕ್ಯಾಂಟೀನ್‌ಗಳು ಕಾರ್ಡನ್ನಾದರೂ ತೆಗೆದುಕೊಳ್ಳಲಿ.

ಕೆಲಸ ಹುಡುಕುತ್ತಾ ಊರೂರು ಅಲೆಯುವ ಗೆಳೆಯರೇ, ಸಂದರ್ಶನದ ದಿನವೇ ಮೊಬೈಲ್ ಕೈಕೊಟ್ಟರೆ ಏನು ಮಾಡುತ್ತೀರಿ ಎಂದು ಯೋಚಿಸಿದ್ದೀರಾ? ಪರ್ಸ್‌ನಲ್ಲೊಂದು ಕಾರ್ಡ್, ನೂರರ ಎರಡು ನೋಟು ಇರಲಿ. ಮುಂದಿನ ಬಾರಿ ಊರಿಗೆ ಹೋದಾಗ ಮನೆಯಲ್ಲಿ ಕೀಪ್ಯಾಡ್ ಫೋನ್ ಇರುವವರಿಗೆ 123ಪೇ ಹೇಳಿಕೊಡಿ. ನನ್ನ ಹಳೆಯ ಮೊಬೈಲ್ ಇನ್ನೂ ಚೆನ್ನಾಗಿಯೇ ಇದೆ. ಈ ಲೇಖನ ಬರೆದಿದ್ದೂ ಅದರಲ್ಲೇ.